ನಿಮಗಿದು ಗೊತ್ತೇ? ತಲೆಯೊಳಗಿನ ಗಂಟು, ಬೀದಿ ಮೇಲಿನ ಜಾಥಾ

ಜೂನ್ 8 ವಿಶ್ವ ಮೆದುಳು ಗಡ್ಡೆ ದಿನ. ಇದನ್ನು ಶುರು ಮಾಡಿದ್ದು ವಿಶ್ವಸಂಸ್ಥೆಯಲ್ಲ, ಯಾವ ಸರ್ಕಾರವೂ ಅಲ್ಲ. ಜರ್ಮನಿಯ ಲೈಪ್‌ಜಿಗ್ ಊರಿನಲ್ಲಿ ರೋಗಿಗಳಿಗೂ ಅವರ ಮನೆಯವರಿಗೂ ಆಸರೆಯಾಗಿ ನಿಂತ ಒಂದು ಸಂಘ 2000ನೇ ಇಸವಿಯಿಂದ ಈ ದಿನವನ್ನು ಆಚರಿಸುತ್ತ ಬಂತು. ಉಳಿದ ದೇಶಗಳು ಆಮೇಲೆ ಕೂಡಿಕೊಂಡವು.

ವಿಜಯಪುರದ ಇಬ್ರಾಹಿಂಪುರದವರಿಗೆ ಮಾತ್ರ ಈ ತಾರೀಖು ಅಷ್ಟು ಅನುಕೂಲದ್ದಲ್ಲ. ಮಿರಗ ಮಳೆ ಕೂಡುವುದೂ ಅದೇ ಹೊತ್ತಿಗೆ. ಟಿಕೋಟಾ, ಬಬಲೇಶ್ವರದ ಕಡೆಯ ರೈತ ಮೋಡ ನೋಡುತ್ತ ಬೀಜದಂಗಡಿ ಮುಂದೆ ನಿಂತಿರುತ್ತಾನೆ. ಆ ದಿನದ ಜಾಗೃತಿ ಜಾಥಾಕ್ಕೆ ಸಿಗುವವರು ಆಗಷ್ಟೇ ಬಾಗಿಲು ತೆರೆದ ಶಾಲೆಯ ಮಕ್ಕಳು. ಸಿದ್ಧೇಶ್ವರ ಗುಡಿಯಿಂದ ಗಾಂಧಿ ಚೌಕದವರೆಗೆ ಘೋಷಣೆ, ಹಸಿರು ನಿಶಾನೆ, ಒಂದು ಫೋಟೊ, ಕೊನೆಗೊಂದು ಬಿಸ್ಕಿಟ್ ಪುಡಿಕೆ. ಇಷ್ಟೇ ಮಾಡುವುದಾದರೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲೇ ಒಂದು ಮಳಿಗೆ ಹಾಕುವುದು ಲೇಸು. ಸುತ್ತಲಿನ ಹಳ್ಳಿಗಳೆಲ್ಲ ತಾವಾಗಿಯೇ ನಡೆದು ಬರುತ್ತವೆ.

2005ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಮೆದುಳು ಗಡ್ಡೆ ಒಕ್ಕೂಟ ಒಂದು ಚಂದದ ಆಟ ಹೂಡಿತು. ಯಾರು ಎಲ್ಲಿ ಬೇಕಾದರೂ ನಡೆಯಲಿ, ನಡೆದ ದೂರವನ್ನು ಲೆಕ್ಕಕ್ಕೆ ಕೊಡಲಿ, ಎಲ್ಲರ ಹೆಜ್ಜೆ ಕೂಡಿ ಭೂಮಧ್ಯರೇಖೆಯ 40,075 ಕಿಲೋಮೀಟರ್ ತುಂಬಲಿ ಎಂಬ ಆಟ. ಹೆಸರೇ ‘ಜಗತ್ತಿನ ಸುತ್ತ ನಡಿಗೆ’.

ಈ ಲೆಕ್ಕ ನಮ್ಮವರಿಗೆ ಏನೂ ಅಲ್ಲ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಕಂಬಿ ಹೊತ್ತು ಹೋಗುವವರನ್ನು ನೋಡಿ. ಕೆಲವರು ಮರಗಾಲು ಕಟ್ಟಿಕೊಂಡೇ ಹೋಗುತ್ತಾರೆ. ವಿಜಯಪುರದಿಂದ ಶ್ರೀಶೈಲಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೂ 340 ಕಿ.ಮೀ. ಮೀರುತ್ತದೆ. ಅಂಥ 120 ಮಂದಿ ಪಾದಯಾತ್ರಿಗಳ ದಾರಿ ಕೂಡಿಸಿದರೆ ಭೂಮಿ ಒಂದು ಸುತ್ತು ಮುಗಿಯಿತು. ತುಳಜಾಪುರಕ್ಕೆ ನಡೆಯುವವರು, ಪಂಢರಪುರದ ವಾರಿಗೆ ಹೋಗುವವರು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಬ್ರಿಟನ್ನಿನಲ್ಲಿ ಮಾರ್ಚ್ ತಿಂಗಳಲ್ಲಿ ‘ಟೋಪಿ ಹಾಕುವ ದಿನ’ ಇದೆ. ಕಚೇರಿಗೆ, ಶಾಲೆಗೆ ಬಗೆಬಗೆಯ ಟೋಪಿ ಹಾಕಿಕೊಂಡು ಹೋಗಿ ಮೆದುಳು ಗಡ್ಡೆಯ ಸಂಶೋಧನೆಗೆ ಚಂದಾ ಎತ್ತುತ್ತಾರೆ. ಆಸ್ಟ್ರೇಲಿಯಾದಲ್ಲಿ ಮಾರ್ಕ್ ಹ್ಯೂಸ್ ಎಂಬ ರಗ್ಬಿ ಆಟಗಾರನಿಗೆ 2013ರಲ್ಲಿ ಈ ಕಾಯಿಲೆ ಪತ್ತೆಯಾಯಿತು. ಆತನ ಹೆಸರಿನ ಪ್ರತಿಷ್ಠಾನ ಉಣ್ಣೆಯ ಕುಲಾವಿ ಮಾರಿ ಹಣ ಕೂಡಿಸುತ್ತದೆ, ರಗ್ಬಿ ಲೀಗಿನ ಒಂದು ಸುತ್ತಿನ ಪಂದ್ಯಗಳೇ ಅದಕ್ಕೆ ಮೀಸಲು. ಗಾಂಧಿ ಟೋಪಿ, ಪಟಗಾ, ರುಮಾಲು ಇಲ್ಲದೆ ಹೊರಗೆ ಕಾಲಿಡದ ನಮ್ಮ ಹಿರಿಯರಿಗೆ ವರ್ಷವಿಡೀ ಟೋಪಿ ದಿನವೇ. ಚಂದಾ ಎತ್ತುವವರೊಬ್ಬರು ಬೇಕು, ಅಷ್ಟೆ.

ಈ ಕಾಯಿಲೆಯ ರಿಬ್ಬನ್ ಬೂದು ಬಣ್ಣದ್ದು, ಮೆದುಳಿನ ಬೂದು ಭಾಗದ ನೆನಪಿಗೆ. ಆದರೆ ಜೀವಂತ ಮೆದುಳು ನಸುಗೆಂಪು ಛಾಯೆಯದು. ಪೂರ್ತಿ ಬೂದಾಗುವುದು ಗಾಜಿನ ಭರಣಿಯ ದ್ರಾವಣಕ್ಕೆ ಬಿದ್ದ ಮೇಲೆ.

ಇನ್ನು ಜಾಥಾದವರು ಕೇಳಲು ಇಷ್ಟಪಡದ ಒಂದು ಮಾತು. ಮಧುಮೇಹಕ್ಕೆ, ಹೃದಯಕ್ಕೆ ನಡಿಗೆಯೇ ಅರ್ಧ ಔಷಧ. ಮೆದುಳು ಗಡ್ಡೆಗೆ ಹಾಗಲ್ಲ. ದಿನಾ ಮುಂಜಾನೆ ಗೋಲ್ ಗುಂಬಜದ ಉದ್ಯಾನದಲ್ಲಿ ಹತ್ತು ಸುತ್ತು ಹಾಕಿದರೂ ಅದು ಬರುವುದಿದ್ದರೆ ಬರುತ್ತದೆ. ಲಸಿಕೆ ಇಲ್ಲ. ಸ್ತನ ಕ್ಯಾನ್ಸರಿಗೆ, ಗರ್ಭಕಂಠದ ಕ್ಯಾನ್ಸರಿಗೆ ಇರುವಂತೆ ಆರೋಗ್ಯವಂತರನ್ನು ಸಾಲಾಗಿ ನಿಲ್ಲಿಸಿ ಮಾಡುವ ತಪಾಸಣೆಯೂ ಇಲ್ಲ. ಹಾಗಾಗಿ ‘ಮೆದುಳು ಗಡ್ಡೆ ತಡೆಗಟ್ಟಿ’ ಎಂದು ಬ್ಯಾನರ್ ಬರೆಸುವುದು ಬಟ್ಟೆಗೂ ದಂಡ, ಬಣ್ಣಕ್ಕೂ ದಂಡ.

ಮೊಬೈಲ್? ಇದನ್ನು ಕೇಳದ ಸಭೆಯೇ ಇಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊಬೈಲ್ ತರಂಗಗಳನ್ನು ‘ಕ್ಯಾನ್ಸರ್ ತರಬಹುದೇನೋ’ ಎಂಬ ಅನುಮಾನದ ಪಟ್ಟಿಗೆ ಸೇರಿಸಿತು. 2024ರಲ್ಲಿ ಅದೇ ಸಂಸ್ಥೆ ಮಾಡಿಸಿದ, 63 ಅಧ್ಯಯನಗಳನ್ನು ಜಾಲಾಡಿದ ವಿಮರ್ಶೆಯಲ್ಲಿ ಮೊಬೈಲಿಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ನಂಟು ಖಚಿತವಾಗಿ ಕಂಡದ್ದು ತಲೆಗೆ ಬೀಳುವ ಎಕ್ಸ್‌-ರೇ ಬಗೆಯ ವಿಕಿರಣದಲ್ಲಿ. ಇಸ್ರೇಲಿನಲ್ಲಿ 1950ರ ದಶಕದಲ್ಲಿ ಮಕ್ಕಳ ತಲೆಯ ಹುಳುಕಡ್ಡಿಗೆ ವಿಕಿರಣ ಚಿಕಿತ್ಸೆ ಕೊಟ್ಟರು. ದಶಕಗಳ ನಂತರ ಅವರಲ್ಲಿ ಮೆದುಳಿನ ಪೊರೆಯ ಗಡ್ಡೆಗಳು ಉಳಿದವರಿಗಿಂತ ಬಹಳ ಹೆಚ್ಚಾಗಿ ಕಾಣಿಸಿದವು.

ಹಾಗಾದರೆ ಜಾಥಾ ದಂಡವೇ? ಅಲ್ಲ. ಬ್ರಿಟನ್ನಿನ ‘ಹೆಡ್‌ಸ್ಮಾರ್ಟ್’ ಕತೆ ಕೇಳಿ. ಅಲ್ಲಿ ಮಕ್ಕಳಿಗೆ ಮೊದಲ ಲಕ್ಷಣ ಕಾಣಿಸಿ ಗಡ್ಡೆ ಪತ್ತೆಯಾಗುವ ಹೊತ್ತಿಗೆ 14 ವಾರ ಕಳೆದುಹೋಗುತ್ತಿತ್ತು. 2011ರಲ್ಲಿ ಆರಂಭವಾದ ಅಭಿಯಾನ ಹಂಚಿದ್ದು ಜೇಬಿನಲ್ಲಿಡುವಷ್ಟು ಚಿಕ್ಕ ಕಾರ್ಡು: ಯಾವ ವಯಸ್ಸಿನ ಮಗುವಿನಲ್ಲಿ ಏನೇನು ಕಂಡರೆ ಡಾಕ್ಟರ ಬಳಿ ಹೋಗಬೇಕು ಎಂಬ ಪಟ್ಟಿ. ಶಾಲೆಗಳಿಗೆ ಹೋಯಿತು, ತಾಯಂದಿರ ಕೈಗೆ ಹೋಯಿತು, ಡಾಕ್ಟರರ ಮೇಜಿಗೂ ಹೋಯಿತು. ಕೆಲವೇ ವರ್ಷಗಳಲ್ಲಿ 14 ವಾರ ಇದ್ದದ್ದು 7 ವಾರದೊಳಕ್ಕೆ ಇಳಿಯಿತು. ಹೊಸ ಯಂತ್ರ ಬಂದದ್ದಲ್ಲ, ಹೊಸ ಔಷಧ ಬಂದದ್ದಲ್ಲ. ಜಾಥಾದ ಮಕ್ಕಳ ಕೈಗೆ ಕೊಡಬೇಕಾದ್ದು ಘೋಷಣೆಯ ಹಾಳೆಯಲ್ಲ, ಈ ಪಟ್ಟಿ.

ಆ ಪಟ್ಟಿಯಲ್ಲಿ ಏನಿದೆ? ಎರಡು ವಾರ ದಾಟಿದರೂ ಬಿಡದ ವಾಂತಿ, ಮತ್ತೆ ಮತ್ತೆ ಕಾಡುವ ತಲೆನೋವು, ಅದರಲ್ಲೂ ಮುಂಜಾನೆ ಎದ್ದ ಕೂಡಲೇ. ಕಣ್ಣು ಮಂಜು, ಒಂದು ಎರಡಾಗಿ ಕಾಣುವುದು, ಹೊಸದಾಗಿ ಬಂದ ಮೆಳ್ಳೆಗಣ್ಣು. ನಡೆಯುವಾಗ ತೂರಾಡುವುದು. ತಲೆಯನ್ನು ಒಂದೇ ಕಡೆ ವಾಲಿಸಿ ಹಿಡಿಯುವುದು. ಕೂಸಾಗಿದ್ದರೆ ತಲೆಯ ಸುತ್ತಳತೆ ಲೆಕ್ಕ ಮೀರಿ ಬೆಳೆಯುವುದು. ಅಂಗನವಾಡಿಯ ಟೇಪು ಹಿಡಿದು ತಲೆ ಅಳೆಯುವುದಕ್ಕೆ ಒಂದು ನಿಮಿಷ ಸಾಕು. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ರಕ್ತದ ಕ್ಯಾನ್ಸರ್ ಬಿಟ್ಟರೆ ಮೆದುಳಿನದೇ ಎರಡನೆಯದು.

“ತೆಲಿ ಬ್ಯಾನಿ ಅಂದ್ರ ಗಂಟ ಆಗೈತೇನ್ರಿ ಡಾಕ್ಟರ?” ಎಂದು ಗಾಬರಿಯಾಗುವವರಿಗೆ ಒಂದು ಸಮಾಧಾನದ ಅಂಕಿ. ಬ್ರಿಟನ್ನಿನ ಫ್ಯಾಮಿಲಿ ಡಾಕ್ಟರರ ದಾಖಲೆಗಳ ಪ್ರಕಾರ, ಬರೀ ತಲೆನೋವು ಎಂದು ಬಂದ ವಯಸ್ಕರಲ್ಲಿ ಗಡ್ಡೆ ಇದ್ದದ್ದು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ. ಆದರೆ ಹಿಂದೆಂದೂ ಇಲ್ಲದೆ ಮೊದಲ ಸಲ ಫಿಟ್ಸ್ ಬಂದ ವಯಸ್ಕರಲ್ಲಿ ಅದು ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು. ತಲೆನೋವಿಗೆ ಗಾಬರಿ ಬೇಡ, ದೊಡ್ಡವರಿಗೆ ಬಂದ ಮೊದಲ ಫಿಟ್ಸನ್ನು ಮಾತ್ರ ಕಡೆಗಣಿಸಬೇಡಿ ಎಂಬುದು ಇದರ ತಾತ್ಪರ್ಯ.

ಮುಂಜಾನೆಯೇ ಯಾಕೆ ನೋವು? ತಲೆಬುರುಡೆ ಮುಚ್ಚಳ ಬಿಗಿದ ಡಬ್ಬಿಯಂಥದ್ದು. ಒಳಗಿರುವುದು ಮೆದುಳು, ರಕ್ತ, ಮೆದುಳ ನೀರು. ನಾಲ್ಕನೆಯದೊಂದು ಬೆಳೆದರೆ ಹಿಗ್ಗಲು ಜಾಗವಿಲ್ಲ. ರಾತ್ರಿ ಮಲಗಿದಾಗ ತಲೆಯಿಂದ ರಕ್ತ ಇಳಿಯುವುದು ನಿಧಾನ. ನಿದ್ದೆಯಲ್ಲಿ ಉಸಿರಾಟ ಮಂದವಾಗಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಅದಕ್ಕೆ ರಕ್ತನಾಳಗಳು ಹಿಗ್ಗುತ್ತವೆ. ಮೊದಲೇ ಇಕ್ಕಟ್ಟಾದ ಜಾಗದಲ್ಲಿ ಒತ್ತಡ ಇನ್ನಷ್ಟು. ಎದ್ದು ಓಡಾಡಿದ ಮೇಲೆ ನೋವು ಇಳಿಯುವುದೂ ಇದರಿಂದಲೇ. ಆಗ ಮನೆಯವರು “ಪಿತ್ತ ಕೆದರಿತ್ತು, ಇಳೀತು” ಎಂದು ಸುಮ್ಮನಾಗುತ್ತಾರೆ.

ಫಿಟ್ಸ್ ಬಿದ್ದವರ ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ಕೈಗೆ ಕಬ್ಬಿಣ ತುರುಕುವುದು, ಚಪ್ಪಲಿ ಮೂಸಿಸುವುದು ಇನ್ನೂ ನಡೆದೇ ಇದೆ. ಸಾಮಾನ್ಯವಾಗಿ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ, ಕೀರ್ತಿ ಉಳ್ಳಾಗಡ್ಡಿಗೆ ಹೋಗುತ್ತದೆ! ಮಾಡಬೇಕಾದ್ದು ಬಹಳ ಕಡಿಮೆ. ಒಂದು ಮಗ್ಗುಲಿಗೆ ಹೊರಳಿಸಿ, ತಲೆ ಕೆಳಗೆ ಮೆತ್ತಗಿನದೇನಾದರೂ ಇಡಿ. ಬಾಯಿಗೆ ಚಮಚವೂ ಬೇಡ, ನೀರೂ ಬೇಡ. ಕೈಕಾಲು ಅದುಮಿ ಹಿಡಿಯಬೇಡಿ. ಗಡಿಯಾರ ನೋಡಿ, 5 ನಿಮಿಷ ದಾಟಿದರೆ 108ಕ್ಕೆ ಫೋನ್. ಯಾರಾದರೂ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೆ ಡಾಕ್ಟರಿಗೆ ಅದರಷ್ಟು ಉಪಯೋಗದ್ದು ಇನ್ನೊಂದಿಲ್ಲ. ಇಲ್ಲಿ ಮಾತ್ರ ರಸ್ತೆಯಲ್ಲಿ ನಿಂತು ವಿಡಿಯೊ ಮಾಡುವವರನ್ನು ಬೈಯಬೇಡಿ.

ಸ್ಕ್ಯಾನಿನಲ್ಲಿ ಗಂಟು ಕಂಡಿತು ಎಂದರೆ ಎಲ್ಲ ಮುಗಿಯಿತು ಎಂದಲ್ಲ. ನಮ್ಮ ದೇಶದಲ್ಲಿ ಅದು ಕ್ಷಯರೋಗದ ಗಂಟಾಗಿರಬಹುದು, ಲಾಡಿಹುಳುವಿನ ಮರಿ ಮೆದುಳಿಗೆ ಸೇರಿ ಕಟ್ಟಿದ ಗೂಡಾಗಿರಬಹುದು. ಎರಡಕ್ಕೂ ಔಷಧವಿದೆ. ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋಗುವುದು ಮಲದ ಸೋಂಕು ತಗುಲಿದ ನೀರು, ಸರಿಯಾಗಿ ತೊಳೆಯದ ಹಸಿ ತರಕಾರಿ, ತೊಳೆಯದ ಕೈಯಿಂದ. ಹಂದಿ ಮಾಂಸ ಮುಟ್ಟದವರಿಗೂ, ಅಪ್ಪಟ ಸಸ್ಯಾಹಾರಿಗಳಿಗೂ ಇದು ಬರುತ್ತದೆ.

ಮೆದುಳಿನಲ್ಲಿ ಸಿಗುವ ಗಡ್ಡೆಗಳಲ್ಲಿ ಬಹಳಷ್ಟು ಅಲ್ಲಿ ಹುಟ್ಟಿದ್ದೇ ಅಲ್ಲ. ಶ್ವಾಸಕೋಶ, ಸ್ತನ ಮುಂತಾದೆಡೆಯ ಕ್ಯಾನ್ಸರ್ ರಕ್ತದ ಜೊತೆ ಬಂದು ಬೇರೂರಿದ್ದು. ಅಲ್ಲಿಯೇ ಹುಟ್ಟುವವುಗಳಲ್ಲಿ ವಯಸ್ಕರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಮೆದುಳಿನ ಪೊರೆಯಿಂದ ಏಳುವ ಮೆನಿಂಜಿಯೋಮಾ. ಅದರಲ್ಲಿ ಹೆಚ್ಚಿನವು ಕ್ಯಾನ್ಸರಲ್ಲ, ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು. ಒಟ್ಟು ಬಗೆಗಳು ನೂರಕ್ಕೂ ಮಿಕ್ಕಿವೆ. “ಬ್ರೇನ್ ಟ್ಯೂಮರ್” ಎಂದೊಡನೆ ಹಿನ್ನೆಲೆ ಸಂಗೀತ ಬದಲಾಗಿ ನಾಯಕ ಡೈರಿ ಬರೆಯತೊಡಗುವುದು ಸಿನಿಮಾದ ಕಾಯಿಲೆ. ದವಾಖಾನಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ಯಾವ ಬಗೆ, ಎಷ್ಟನೆಯ ದರ್ಜೆ? ದರ್ಜೆ 1ರಿಂದ 4. ನಾಲ್ಕನೆಯದಾದ ಗ್ಲಿಯೋಬ್ಲಾಸ್ಟೋಮಾ ಇಂದಿಗೂ ಹಟಮಾರಿ. ಮೊದಲನೆಯದನ್ನು ಪೂರ್ತಿ ತೆಗೆದರೆ ಬಹಳ ಸಲ ಅಲ್ಲಿಗೇ ಮುಗಿಯುತ್ತದೆ.

ಜಗತ್ತಿನಲ್ಲಿ ಮೆದುಳು ಮತ್ತು ನರವ್ಯೂಹದ ಕ್ಯಾನ್ಸರ್ ವರ್ಷಕ್ಕೆ ಸುಮಾರು 3 ಲಕ್ಷ 20 ಸಾವಿರ ಮಂದಿಗೆ ಹೊಸದಾಗಿ ಬರುತ್ತದೆ. ಭಾರತದಲ್ಲಿ 30 ಸಾವಿರಕ್ಕೂ ಹೆಚ್ಚು.

ನಡಿಗೆಯಿಂದ ಗಡ್ಡೆ ತಪ್ಪುವುದಿಲ್ಲ ಎಂದೆನಲ್ಲ. ಆದರೆ ನಡಿಗೆ ಗಡ್ಡೆಯನ್ನು ಹಿಡಿದುಕೊಡಬಲ್ಲದು. ನರರೋಗದ ಡಾಕ್ಟರ ಪರೀಕ್ಷೆ ಶುರುವಾಗುವುದು ನೀವು ಬಾಗಿಲಿನಿಂದ ಕುರ್ಚಿಯವರೆಗೆ ಬರುವಾಗಲೇ. ಒಂದು ಕೈ ಬೀಸುತ್ತಿಲ್ಲವೇ, ಒಂದು ಕಾಲು ನೆಲ ಸವರುತ್ತಿದೆಯೇ, ಹೆಜ್ಜೆ ಅಗಲವಾಗಿದೆಯೇ ಎಂದು ನೋಡುತ್ತಾರೆ. ಆಮೇಲೆ ಒಂದು ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಹೇಳುತ್ತಾರೆ. ಹಿಮ್ಮೆದುಳಿಗೆ ಪೆಟ್ಟಾಗಿದ್ದರೆ ನಾಲ್ಕು ಹೆಜ್ಜೆಗೇ ಆಚೀಚೆ ವಾಲುತ್ತಾರೆ. ಇನ್ನೊಂದು ಪ್ರಶ್ನೆ ನಮ್ಮ ದೇಶದ ಡಾಕ್ಟರರದೇ: “ಯಜಮಾನ್ರ, ನಡಿಯೂ ಮುಂದ ಕಾಲಾಗಿನ ಚಪ್ಪಲಿ ಜಾರತೈತೇನು? ಜಾರಿದ್ದು ನಿಮಗ ಗೊತ್ತಾಗತೈತೋ, ಹಿಂದಿನವರು ಹೇಳಬೇಕೋ?” ಜಾರುವುದು ಗೊತ್ತಾಗುತ್ತದೆ, ಹಿಡಿಯಲು ಆಗುವುದಿಲ್ಲ ಎಂದರೆ ಕಾಲಿನ ಬಲ ಕುಗ್ಗಿದೆ. ಜಾರಿದ್ದೇ ಗೊತ್ತಾಗಲಿಲ್ಲ ಎಂದರೆ ಸ್ಪರ್ಶದ ಅರಿವು ಕುಗ್ಗಿದೆ. ಕಾರಣ ಬೆನ್ನುಹುರಿಯಲ್ಲಿರಬಹುದು, ಕಾಲಿನ ನರದಲ್ಲಿರಬಹುದು, ಮೆದುಳಿನಲ್ಲೂ ಇರಬಹುದು. ಬೂಟು ಹಾಕುವ ದೇಶದ ಪುಸ್ತಕಗಳಲ್ಲಿ ಈ ಪ್ರಶ್ನೆ ಸಿಗುವುದು ಕಷ್ಟ.

ಗಡ್ಡೆ ಕೂತ ಜಾಗಕ್ಕೆ ತಕ್ಕಂತೆ ವಿಚಿತ್ರ ಲಕ್ಷಣಗಳು. ಅಮೆರಿಕದ ಸಂಗೀತಗಾರ ಜಾರ್ಜ್ ಗರ್ಷ್‌ವಿನ್‌ಗೆ ರಬ್ಬರ್ ಸುಟ್ಟ ವಾಸನೆ ಬರುತ್ತಿತ್ತು, ಬೇರೆ ಯಾರಿಗೂ ಬರುತ್ತಿರಲಿಲ್ಲ. ಮನಸ್ಸಿನ ಒತ್ತಡ ಎಂದರು. 1937ರಲ್ಲಿ, 38ರ ವಯಸ್ಸಿನಲ್ಲಿ ಆತ ತೀರಿಕೊಂಡದ್ದು ಮೆದುಳು ಗಡ್ಡೆಯಿಂದ. ಇನ್ನು ಅರ್ಧ ಗ್ರಾಮಿನ ಆಸುಪಾಸು ತೂಗುವ ಪಿಟ್ಯುಟರಿ ಗ್ರಂಥಿಯಲ್ಲಿ ಗಂಟಾದರೆ ಕೆಲವರಿಗೆ ಉಂಗುರ ಬಿಗಿಯಾಗುತ್ತದೆ, ಚಪ್ಪಲಿಯ ಅಳತೆ ನಡುವಯಸ್ಸಿನಲ್ಲಿ ದೊಡ್ಡದಾಗುತ್ತದೆ. ಕೆಲವು ಹೆಂಗಸರಿಗೆ ಮುಟ್ಟು ನಿಂತು, ಬಾಣಂತಿಯಲ್ಲದಿದ್ದರೂ ಎದೆಹಾಲು ಬರುತ್ತದೆ. ಅದು ಕಣ್ಣಿನ ನರವನ್ನು ಒತ್ತಿದರೆ ಎದುರಿನದೆಲ್ಲ ಸ್ಪಷ್ಟ, ಎರಡೂ ಪಕ್ಕದ್ದು ಕಾಣದು. ಬಾಗಿಲ ಚೌಕಟ್ಟಿಗೆ ಹೆಗಲು ಬಡಿಯುತ್ತದೆ, ಇಬ್ರಾಹಿಂಪುರದ ರೈಲ್ವೆ ಗೇಟಿನ ಹತ್ತಿರ ಪಕ್ಕದಿಂದ ಬಂದ ಬೈಕು ಕಾಣುವುದೇ ಇಲ್ಲ. ಶಸ್ತ್ರಚಿಕಿತ್ಸೆ ಬೇಕಾದರೆ ಈ ಗಂಟನ್ನು ಬಹುಪಾಲು ಮೂಗಿನೊಳಗಿಂದಲೇ ತೆಗೆಯುತ್ತಾರೆ, ತಲೆ ತೆರೆಯುವುದಿಲ್ಲ.

ಫೋನು ಒಂದು ಕಿವಿಗೆ ಕೇಳುತ್ತದೆ, ಇನ್ನೊಂದಕ್ಕೆ ಮಾತು ತೊದಲಿದಂತೆ ಕೇಳುತ್ತದೆ ಎಂದರೆ ಕಿವಿಯ ನರದ ಗಡ್ಡೆಯೂ ಒಂದು ಕಾರಣವಿರಬಹುದು. ಗೋಲ್ ಗುಂಬಜದ ಪಿಸುಮಾತಿನ ಮೊಗಸಾಲೆಯಲ್ಲಿ ಗೋಡೆಗೆ ಒಂದೊಂದೇ ಕಿವಿ ಆನಿಸಿ ನೋಡಿದವರುಂಟೇ? ಆಟಕ್ಕೆ ಹೇಳಿದೆ, ಪರೀಕ್ಷೆಗೆ ಕಿವಿ ಡಾಕ್ಟರೇ ಆಗಬೇಕು.

ಲಕ್ಷಣ ನೋಡಿಯೇ ಗಡ್ಡೆಯ ಜಾಗ ಹೇಳುವುದು ಹಳೆಯ ವಿದ್ಯೆ. 1884ರ ನವೆಂಬರ್ 25ರಂದು ಲಂಡನ್ನಿನಲ್ಲಿ ರಿಕ್‌ಮನ್ ಗಾಡ್ಲೀ ಒಬ್ಬ ಯುವ ರೈತನ ತಲೆ ತೆರೆದು ಗಡ್ಡೆ ತೆಗೆದ. ಎಕ್ಸ್‌-ರೇ ಕಂಡುಹಿಡಿಯಲು ಇನ್ನೂ 11 ವರ್ಷವಿತ್ತು. ಎಡಗೈ, ಎಡಮುಖದ ಸೆಳೆತ ನೋಡಿ ಬಲಮೆದುಳಿನ ಇಂಥ ಜಾಗದಲ್ಲೇ ಇದೆ ಎಂದು ಹೇಳಿದವನು ಹ್ಯೂಸ್ ಬೆನೆಟ್ ಎಂಬ ವೈದ್ಯ. ತೆರೆದಾಗ ಅಲ್ಲೇ ಇತ್ತು. ರೋಗಿ ಸುಮಾರು ನಾಲ್ಕು ವಾರ ಬದುಕಿದ, ಪ್ರಾಣ ತೆಗೆದದ್ದು ಗಡ್ಡೆಯಲ್ಲ, ಸೋಂಕು. ನಮ್ಮ ಊರಿನ ಮೇಲೆ ಹಾಯುವ ಗದಗ–ಹೋಟಗಿ ಹಳಿ ತೆರೆದದ್ದೂ ಅದೇ 1884ರಲ್ಲಿ.

ಸಿ.ಟಿ. ಸ್ಕ್ಯಾನ್ ಯಂತ್ರದಲ್ಲಿ ಮಲಗಿದ ಜಗತ್ತಿನ ಮೊದಲ ರೋಗಿ ಮೆದುಳು ಗಡ್ಡೆಯ ಅನುಮಾನವಿದ್ದ ಒಬ್ಬ ಮಹಿಳೆ. 1971ರ ಅಕ್ಟೋಬರ್ 1, ಲಂಡನ್ನಿನ ವಿಂಬಲ್ಡನ್. ಯಂತ್ರ ಕಟ್ಟಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಕೆಲಸ ಮಾಡುತ್ತಿದ್ದದ್ದು ಗ್ರಾಮೊಫೋನ್ ರೆಕಾರ್ಡಿಗೆ ಹೆಸರಾದ ಇಎಂಐ ಕಂಪನಿಯಲ್ಲಿ. 1979ರಲ್ಲಿ ನೊಬೆಲ್ ಬಂತು.

ಮೆದುಳಿಗೆ ನೋವೇ ಗೊತ್ತಾಗುವುದಿಲ್ಲ. ನೋಯುವುದು ಅದರ ಪೊರೆ, ರಕ್ತನಾಳ, ಮೇಲಿನ ಚರ್ಮ. ಅದಕ್ಕೇ ಮಾತಿನ ಕೇಂದ್ರದ ಹತ್ತಿರ ಗಡ್ಡೆಯಿದ್ದರೆ ರೋಗಿಯನ್ನು ಎಚ್ಚರವಾಗಿಟ್ಟು ಮಾತಾಡಿಸುತ್ತಲೇ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಮಾತು ತಡವರಿಸಿತೋ, ಕೈ ನಿಲ್ಲುತ್ತದೆ. 2017ರಲ್ಲಿ ಬೆಂಗಳೂರಿನಲ್ಲಿ ಒಬ್ಬರು ಗಿಟಾರ್ ನುಡಿಸುತ್ತಲೇ ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಚಿತ್ರ ಎಲ್ಲೆಡೆ ಹರಿದಾಡಿತು. ಅದು ಗಡ್ಡೆಯದಲ್ಲ, ಬೆರಳು ಸೆಟೆದುಕೊಳ್ಳುವ ಡಿಸ್ಟೋನಿಯಾದ್ದು.

ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ 1949ರಲ್ಲಿ ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿ ಅವರಿಂದ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಬುನಾದಿ ಹಾಕಿದವರು ಡಾ. ಆರ್. ಮಾರ್ತಾಂಡ ವರ್ಮ. 1974ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರೂಪುಗೊಂಡಾಗ ಅದರ ಮೊದಲ ನಿರ್ದೇಶಕರೂ ಅವರೇ. ಅಲ್ಲಿ ಈಗ ಗಾಮಾ ನೈಫ್ ಇದೆ. ಹೆಸರಿನಲ್ಲಿ ಚಾಕು ಇದ್ದರೂ ಒಂದು ಗೀರೂ ಹಾಕದೆ ವಿಕಿರಣದ ನೂರಾರು ಸಣ್ಣ ಕಿರಣಗಳನ್ನು ಒಂದೇ ಬಿಂದುವಿನಲ್ಲಿ ಕೂಡಿಸುವ ಯಂತ್ರ. ಅಲ್ಲಿನ ಮೆದುಳು ಸಂಗ್ರಹಾಲಯದಲ್ಲಿ ಗಡ್ಡೆ ಬೆಳೆದ ಮೆದುಳುಗಳನ್ನು ಗಾಜಿನಾಚೆ ನೋಡಬಹುದು, ನಿಜವಾದ ಮೆದುಳೊಂದನ್ನು ಕೈಯಲ್ಲಿ ಹಿಡಿಯಲೂ ಕೊಡುತ್ತಾರೆ. ಬೆಂಗಳೂರಿಗೆ ಶೈಕ್ಷಣಿಕ ಪ್ರವಾಸ ಹೊರಡುವ ಮೇಷ್ಟ್ರುಗಳು ಇದನ್ನು ಬಿಟ್ಟು ಮಾಲ್ ತೋರಿಸುವುದೇಕೋ!

2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ಆರಂಭಿಸಿತು. ಮೊದಲ ಪ್ರಯೋಗ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ದಕ್ಷಿಣದಲ್ಲಿ. ಆಗ ರಾಯಭಾರಿಯಾದವರು ಕ್ರಿಕೆಟಿಗ ರಾಬಿನ್ ಉತ್ತಪ್ಪ. ಉದ್ದೇಶ ಇಷ್ಟೇ: ತಾಲ್ಲೂಕಿನ ಡಾಕ್ಟರಿಗೇ ನರರೋಗ ಗುರುತಿಸಲು ಕಲಿಸುವುದು, ಎಲ್ಲರೂ ಬೆಂಗಳೂರಿಗೇ ಓಡುವುದನ್ನು ತಪ್ಪಿಸುವುದು.

ಆ ಓಟ ನಮಗೆ ಚಿಕ್ಕದಲ್ಲ. ಸೊಲ್ಲಾಪುರ 100 ಕಿ.ಮೀ. ಆಸುಪಾಸು, ಹುಬ್ಬಳ್ಳಿ ಅದರ ಎರಡು ಪಟ್ಟು, ಬೆಂಗಳೂರು 500 ದಾಟುತ್ತದೆ. ಹಾಗೆಂದು ಮೊದಲ ಹೆಜ್ಜೆಗೇ ಅಷ್ಟು ದೂರ ಬೇಕಿಲ್ಲ. ಊರಲ್ಲೇ 1984ರ ಅಲ್-ಅಮೀನ್, 1986ರ ಬಿಎಲ್‌ಡಿಇ ಎರಡು ವೈದ್ಯಕೀಯ ಕಾಲೇಜುಗಳಿವೆ, ಜಿಲ್ಲಾಸ್ಪತ್ರೆಯಿದೆ. ಕ್ಯಾನ್ಸರ್ ಚಿಕಿತ್ಸೆಯ ಕಿದ್ವಾಯಿ ಸಂಸ್ಥೆಯ ಶಾಖಾ ಕೇಂದ್ರ ಕಲಬುರಗಿಯಲ್ಲಿದೆ.

ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜಿನ 30 ಪ್ರತಿಶತ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಹೊಲ ಅಡ ಇಟ್ಟು ನೇರ ದೊಡ್ಡ ಆಸ್ಪತ್ರೆಗೆ ಹೋದ ಮೇಲೆ ಈ ಚೀಟಿ ನೆನಪಾದರೆ ಪ್ರಯೋಜನವಿಲ್ಲ. ಜಾಥಾದ ಫಲಕದಲ್ಲಿ ಒಂದು ಸಾಲು ಇದಕ್ಕೂ ಇರಲಿ.

ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರು ಟಯರ್ ಎ.ಸಿ.ಯಲ್ಲಿ ಟಿಕೆಟ್ ದರ ಪೂರ್ತಿ ಮಾಫಿ. ಜೊತೆಗೆ ಹೋಗುವ ಒಬ್ಬರಿಗೆ 75 ಪ್ರತಿಶತ ರಿಯಾಯಿತಿ. ಕ್ಯಾನ್ಸರಲ್ಲದ ಗಡ್ಡೆಗೆ ಇದು ಸಿಗುವುದಿಲ್ಲ. ಬೇಕಾದ್ದು ರೈಲ್ವೆಯ ನಿಗದಿತ ನಮೂನೆಯಲ್ಲಿ ಆಸ್ಪತ್ರೆ ಕೊಡುವ ಪ್ರಮಾಣಪತ್ರ. ಡಿಸ್ಚಾರ್ಜ್ ಆಗುವ ಮೊದಲೇ ವಾರ್ಡಿನಲ್ಲಿ ಕೇಳಿ ಬರೆಸಿಕೊಳ್ಳಿ, ಮುಂದಿನ ತಪಾಸಣೆಗೆ ಹೋಗುವಾಗ ಟಿಕೆಟಿನ ಕಿಟಕಿಯಲ್ಲಿ ಅದನ್ನೇ ಕೇಳುತ್ತಾರೆ.